ಹೊಗೆ ತಲುಪದ ಕೋಣೆ

ಎಕುವಾ ಮಾನ್ಸಾಳನ್ನು ಹಿಂದಿನಿಂದ ಯಾರಾದರೂ ಕೂಗಿದರೆ ಅವಳು ಕತ್ತು ತಿರುಗಿಸುತ್ತಿರಲಿಲ್ಲ. ತುಂಬಿದ ದೋಣಿ ದಿಕ್ಕು ಬದಲಿಸುವ ಗಾಂಭೀರ್ಯದಿಂದ ಪಾದದಿಂದ ನೆತ್ತಿಯವರೆಗೆ ಇಡೀ ದೇಹವನ್ನೇ ನಿಧಾನವಾಗಿ ತಿರುಗಿಸಿ, ಕರೆದವರನ್ನು ಪೂರ್ತಿಯಾಗಿ ಎದುರುಗೊಂಡ ಮೇಲೆಯೇ ‘ಏನು’ ಎನ್ನುತ್ತಿದ್ದಳು. ಆರನೆಯ ವಯಸ್ಸಿನಿಂದ ನಮ್ಮೂರು ಅನೊಮಾಬುವಿನ ಕಡಲತೀರದಿಂದ, ತಾಯಿ ಮೀನನ್ನು ಹೊಗೆಯಲ್ಲಿ ಒಣಗಿಸುವ ಒಲೆಗಳವರೆಗೆ ತಲೆಯ ಮೇಲೆ ಬೋಗುಣಿ ಹೊತ್ತು ನಡೆದವಳಿಗೆ, ತಲೆಯ ಮೇಲೆ ಏನೂ ಇಲ್ಲದ ಹೊತ್ತಿನಲ್ಲೂ ಆ ಭಾರ ಇಳಿದಿರಲಿಲ್ಲ.

ನಾನು ಅವಳನ್ನು ಹತ್ತಿರದಿಂದ ಕಂಡದ್ದು ಅವಳ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಕುಕುವಾ ಅಜ್ಜಿಯ ವಠಾರದಲ್ಲಿ ನನ್ನ ಕೋಣೆಗೆ ತಾಗಿದ ಕೋಣೆಯನ್ನು ಅವಳು ಬಾಡಿಗೆಗೆ ಹಿಡಿದಾಗ. ಪಾಠ ಹೇಳುವುದರಿಂದ ನಿವೃತ್ತನಾಗಿ ಆ ವಠಾರದ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ ನನ್ನ ಕಣ್ಣ ಮುಂದೆಯೇ, ಒಂದು ಬೆಳಗ್ಗೆ ಹೊಲಿಗೆ ಯಂತ್ರವನ್ನು ತಲೆಯ ಮೇಲಿಟ್ಟುಕೊಂಡು, ತೋಳಿನ ಮೇಲೆ ಗಂಡಸರ ಹಳೆಯ ಕೋಟೊಂದನ್ನು ಹಾಕಿಕೊಂಡು ಅವಳು ಒಳಗೆ ಬಂದಳು. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವುದು ಅವಳ ಕಸುಬು. ಕೋಟು ತೀರಿಹೋದ ತಂದೆಯದು. ಬಣ್ಣ ಯಾವುದೆಂದು ಹೇಳಲಾಗದಷ್ಟು ಮಾಸಿ, ಇಪ್ಪತ್ತು ವರ್ಷಗಳ ಮೀನಿನ ಹೊಗೆಯನ್ನು ಕುಡಿದು ಗಡುಸಾಗಿತ್ತು. ಅದನ್ನು ಅವಳು ಒಗೆಯುತ್ತಿರಲಿಲ್ಲ.

ಅವಳು ತಾಯಿಯ ಮನೆ ಬಿಟ್ಟ ಕಾರಣದಲ್ಲಿ ಜಗಳವೊಂದಿದ್ದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅಣ್ಣ ಕ್ವಾಮೆನಾ ತಕೊರಾಡಿ ಪಟ್ಟಣದಲ್ಲಿದ್ದ ಕೆಲಸ ಹೋಗಿ ಹೆಂಡತಿಯನ್ನೂ ನಾಲ್ಕು ಮಕ್ಕಳನ್ನೂ ಕರೆದುಕೊಂಡು ಮನೆಗೆ ಮರಳಿದ್ದ. ಇದ್ದದ್ದು ಎರಡೇ ಕೋಣೆ. ಯಾರೂ ಅವಳನ್ನು ಹೋಗು ಎನ್ನಲಿಲ್ಲ. ಹೋಗಬೇಡ ಎಂದೂ ಯಾರೂ ಅನ್ನಲಿಲ್ಲ. ‘ಸುಮ್ನೆ, ಒಂದು ರೂಮು ನೋಡ್ಕೊಂಡಿದೀನಮ್ಮ’ ಎಂದು ಅವಳು ಹೇಳಿದಾಗ ತಾಯಿ ಏಜಿರ್ಬಾ ಒಲೆಯ ಮೇಲಿನ ಮೀನು ಮಗುಚುತ್ತಿದ್ದಳಂತೆ, ತಲೆ ಎತ್ತಲಿಲ್ಲ. ಹೊರಡುವ ದಿನವೂ, ‘ಮಷೀನು ಬಾಗ್ಲಿಗೆ ತಾಗೀತು, ಬಗ್ಗು’ ಎಂದಷ್ಟೇ ಹೇಳಿದಳಂತೆ.

‘ಅಮ್ಮ ಹೋಗ್ಬೇಡ ಅಂತ ಒಂದು ಮಾತು ಅಂದಿದ್ರೆ ಮಷೀನು ಅಲ್ಲೇ ಇಳಿಸಿಬಿಡ್ತಿದ್ದೆ ಮೇಷ್ಟ್ರೇ’ ಎಂದು ಎಕುವಾ ಒಮ್ಮೆ ನನಗೆ ಹೇಳಿದಳು. ಹೇಳಿದ ಕೂಡಲೇ, ‘ಏನಿಲ್ಲ, ಸುಮ್ನೆ ಹೇಳ್ದೆ’ ಎಂದು ಸೇರಿಸಿದಳು. ಅವಳ ಮಾತುಗಳೆಲ್ಲ ಈ ‘ಸುಮ್ನೆ’ಯ ಹೊಸಿಲು ದಾಟಿಯೇ ಹೊರಗೆ ಬರುತ್ತಿದ್ದವು.

ಒಬ್ಬಳಿಗಾಗಿ ಬದುಕುವ ವಿದ್ಯೆ ಅವಳಿಗೆ ಗೊತ್ತಿರಲಿಲ್ಲ. ಮೊದಲ ವಾರ ಅವಳು ಮಾಡಿದ ಶೇಂಗಾ ಸಾರು ಎಂಟು ಜನರಿಗಾಗುವಷ್ಟಿತ್ತು. ಎರಡನೆಯ ವಾರ ಚಿಕ್ಕ ಪಾತ್ರೆ ಕೊಂಡು ತಂದಳು. ಅದರಲ್ಲಿ ಎರಡು ಸಲ ಮಾಡಿದಳು. ಬಟ್ಟಲು ಹಿಡಿದು ಬಾಗಿಲಿಂದ ಬಾಗಿಲಿಗೆ ಹಂಚುತ್ತಿದ್ದವಳನ್ನು ಕಂಡು ಕುಕುವಾ ಅಜ್ಜಿ, ‘ಏನವ್ವಾ, ನಿನ್ ಮದ್ವೆ ಆಯ್ತಾ? ನಂಗೆ ಹೇಳ್ದೇ ಊಟ ಮಾತ್ರ ಹಾಕ್ತಿದೀಯ’ ಎಂದು ಚುಚ್ಚಿದಳು. ಎಕುವಾ ಇಡೀ ಮೈ ತಿರುಗಿಸಿ, ‘ಗಂಡು ಸಿಕ್ಕಿಲ್ಲ ಅಜ್ಜಿ, ಅಡುಗೆ ಆರಿಹೋಗತ್ತೆ ಅಂತ ಮೊದ್ಲು ಊಟ ಮುಗಿಸ್ತಿದೀನಿ’ ಎಂದಳು. ವಠಾರ ನಕ್ಕಿತು, ಅವಳೂ ನಕ್ಕಳು. ಬೆಳಗಾಗುವ ಮುನ್ನವೇ ಎದ್ದು ಇಡೀ ಅಂಗಳ ಗುಡಿಸಿಬಿಡುತ್ತಿದ್ದಳು; ಸರದಿಯ ಪ್ರಕಾರ ಗುಡಿಸಬೇಕಾದ ಹೆಂಗಸರು ಮೊದಲು ಸಂತೋಷಪಟ್ಟು, ಆಮೇಲೆ ನಾಚಿ, ಕೊನೆಗೆ ಮುನಿಸಿಕೊಂಡು ಅವಳ ಕೈಯಿಂದ ಪೊರಕೆ ಕಿತ್ತುಕೊಂಡ ಮೇಲೆಯೇ ನಿಂತಿತು. ಬೀಗದ ಕೈ ಎಂಬ ವಸ್ತುವೂ ಅವಳಿಗೆ ಹೊಸದು. ಯಾವಾಗಲೂ ಒಬ್ಬರಲ್ಲ ಒಬ್ಬರು ಒಳಗಿರುವ ಮನೆಗೆ ಬೀಗವೇಕೆ? ಅದನ್ನು ಕೋಣೆಯಲ್ಲೇ ಮರೆತು, ತಾನಾಗಿ ಬೀಗ ಬೀಳುವ ಬಾಗಿಲನ್ನು ಎಳೆದುಕೊಂಡು, ಮೆಟ್ಟಿಲ ಮೇಲೆ ಮೊಣಕಾಲಪ್ಪಿ ಕೂತ ಅವಳನ್ನು ಎಷ್ಟೋ ಮಧ್ಯಾಹ್ನ ಕಂಡಿದ್ದೇನೆ. ಬಾಗಿಲು ತೆರೆಯುವವನನ್ನು ಕರೆಸುವ ಆತುರವೇನೂ ಆ ಮುಖದಲ್ಲಿರುತ್ತಿರಲಿಲ್ಲ.

ತಾಯಿಯ ಮನೆ ಹತ್ತು ನಿಮಿಷದ ನಡಿಗೆ. ಆದರೆ ಕಡಲಗಾಳಿ ಆ ಒಲೆಗಳ ಹೊಗೆಯನ್ನು ಯಾವಾಗಲೂ ಆಚೆ ದಿಕ್ಕಿಗೇ ಒಯ್ಯುತ್ತಿತ್ತು. ನಮ್ಮ ವಠಾರಕ್ಕೆ ಒಂದು ಎಳೆಯೂ ತಲುಪುತ್ತಿರಲಿಲ್ಲ. ‘ಇಲ್ಲಿ ಗಾಳಿಗೆ ರುಚಿನೇ ಇಲ್ಲ ಮೇಷ್ಟ್ರೇ’ ಎನ್ನುತ್ತಿದ್ದಳು. ಹೊಲಿಯುತ್ತ ಹೊಲಿಯುತ್ತ ಯಂತ್ರ ನಿಲ್ಲಿಸಿ, ಗೋಡೆಯ ಮೊಳೆಗೆ ತೂಗುಹಾಕಿದ ಆ ಕೋಟಿನ ತೋಳನ್ನು ಮೂಗಿಗೆ ಹಿಡಿದು, ಮತ್ತೆ ಹೊಲಿಗೆಗೆ ಬಾಗುತ್ತಿದ್ದಳು.

ಮನೆ ಬಿಟ್ಟ ಮೇಲೆ ಮೊದಲ ಸಲ ತಾಯಿಯನ್ನು ನೋಡಲು ಹೊರಟಾಗ ನನ್ನನ್ನೂ ಕರೆದಳು. ದೋಣಿಗಳು ಕಡಲಿಗಿಳಿಯದ ಮಂಗಳವಾರ. ಏಜಿರ್ಬಾ ನಮ್ಮಿಬ್ಬರಿಗೂ ಕುರ್ಚಿ ಹಾಕಿಸಿದಳು. ಗಾಜಿನ ಲೋಟದಲ್ಲಿ ನನಗೆ ನೀರು ಕೊಟ್ಟಳು. ಅಂಥದೇ ಇನ್ನೊಂದು ಲೋಟವನ್ನು ಮಗಳ ಮುಂದೆ ಹಿಡಿದಳು. ನಾವು ಕುಡಿದ ಮೇಲೆ ಎದುರಿಗೆ ಕೂತು, ಅತಿಥಿಗಳನ್ನು ಕೇಳಬೇಕಾದ ಕ್ರಮದಲ್ಲಿ, ‘ನಮ್ ಕಡೆ ಎಲ್ಲ ಕ್ಷೇಮ. ಬಂದ ಕಾರಣ ನೀವು ಹೇಳ್ಬೇಕು’ ಎಂದಳು.

ಅದು ಉಪಚಾರವೇ, ಯಾರೂ ತಪ್ಪು ಹಿಡಿಯಲಾಗದ, ಲೋಪವಿಲ್ಲದ ಉಪಚಾರ. ಎಕುವಾ ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ‘ಏನಿಲ್ಲ, ಸುಮ್ನೆ ಬಂದೆ’ ಎಂದಳು. ವಾಪಸು ಬಂದಾಗ ವಠಾರದ ಬಾಗಿಲಲ್ಲಿ, ‘ಆ ಲೋಟ ತೊಳೆದು ಒರೆಸಿ ಇಡ್ತಿದ್ದೋಳು ನಾನೇ’ ಎಂದಳು. ಆಮೇಲೆ ಪ್ರತಿ ಮಂಗಳವಾರವೂ ಹೋದಳು, ಪ್ರತಿ ಸಲವೂ ನೀರು ಕುಡಿದು ಬಂದಳು.

ಹೀಗೆ ಐದು ತಿಂಗಳು ಕಳೆದ ಮೇಲೆ ಒಂದು ಗುರುವಾರ, ಎಕುವಾ ಬಟ್ಟೆ ತರಲು ಕೇಪ್ ಕೋಸ್ಟ್ ಪೇಟೆಗೆ ಹೋದಾಗ, ಕುಕುವಾ ಅಜ್ಜಿ ಒಂದು ಒಳ್ಳೆಯ ಕೆಲಸ ಮಾಡಿದಳು. ಅಂಗಳದಲ್ಲಿ ಬಿಸಿಲಿಗೆ ಹಾಕಿದ್ದ ಕೋಟನ್ನು ಕಂಡು, ಪಾಪ, ಒಬ್ಬಂಟಿ ಹೆಣ್ಣು, ಒಗೆಯಲು ಪುರುಸೊತ್ತಿಲ್ಲವೆಂದು ಸೋಪು ಹಾಕಿ ಎರಡು ಸಲ ಒಗೆದು ಹಿಂಡಿ ಒಣಹಾಕಿದಳು. ಮಧ್ಯಾಹ್ನ ಮರಳಿದ ಎಕುವಾ ಕೋಟು ತೆಗೆದು ಮುಖಕ್ಕೊತ್ತಿಕೊಂಡಳು. ತೋಳು, ಕಾಲರು, ಒಳಜೇಬು, ಒಂದೊಂದನ್ನೂ ಮೂಸಿದಳು.

‘ಬೆಳ್ಳಗಾಗಿದೆ ಅಲ್ವಾ?’ ಎಂದಳು ಅಜ್ಜಿ.

‘ಹೌದಜ್ಜಿ. ಕೈ ನೊಂದಿರ್ಬೇಕು ನಿಮ್ಗೆ’ ಎಂದಳು ಎಕುವಾ. ಕೋಟು ತೊಟ್ಟುಕೊಂಡು, ಕೋಣೆಯ ಬಾಗಿಲನ್ನೂ ಹಾಕದೆ ಹೊರಟಳು.

ತಾನು ಏನು ಮಾಡಿದೆನೆಂದು ಅಜ್ಜಿಗೆ ಅರಿವಾದದ್ದು ಆಗಲೇ. ‘ಹೋಗಿ ಮೇಷ್ಟ್ರೇ, ಎಲ್ಲಿಗೆ ಹೋದ್ಲೋ ನೋಡಿ’ ಎಂದು ನನ್ನನ್ನು ಅಟ್ಟಿದಳು. ಹುಡುಕಬೇಕಾಗಿರಲಿಲ್ಲ. ಏಜಿರ್ಬಾಳ ಹಿತ್ತಿಲಲ್ಲಿ ಆರೂ ಒಲೆ ಉರಿಯುತ್ತಿದ್ದವು. ಎಲ್ಲರೂ ಹೊಗೆಯಿಂದ ದೂರ ಸರಿದು ಕೆಲಸ ಮಾಡುತ್ತಿದ್ದರೆ, ಎಕುವಾ ಗಾಳಿ ಹೊಗೆಯನ್ನು ಒಯ್ಯುವ ಕಡೆ, ಅದರ ನಟ್ಟನಡುವೆ, ಕಣ್ಣು ಮುಚ್ಚಿ ಕೈ ಚಾಚಿ ನಿಂತಿದ್ದಳು. ತಾಯಿ ಸೌದೆ ಹಿಡಿದು ಅವಳನ್ನೇ ನೋಡುತ್ತಿದ್ದಳು.

‘ಕಣ್ಣು ಹಾಳಾಗತ್ತೆ, ಈಚೆ ಬಾ.’

‘ಇರ್ಲಿ ಬಿಡಮ್ಮ.’

‘ಕೋಟು ಯಾರೇ ಒಗ್ದಿದ್ದು?’

ಏಜಿರ್ಬಾ ಹತ್ತಿರ ಹೋಗಿ ಕೋಟಿನ ತುದಿ ಹಿಡಿದು ತಾನೂ ಮೂಸಿದಳು. ಆ ಮುದುಕಿಯ ಮುಖ ಒಂದು ಗಳಿಗೆ ಕಲಕಿಹೋಯಿತು. ಗಂಡನ ವಾಸನೆಯೂ ಅದರಲ್ಲಿ ಇತ್ತಲ್ಲವೇ. ಆಮೇಲೆ ಎಂದಿನ ಒರಟು ದನಿಯಲ್ಲಿ, ‘ಆಚೆ ಕೊನೇ ತಟ್ಟೆ ಮೀನು ಮಗುಚು. ನಿನ್ ಅತ್ತಿಗೆ ಮಗುಚಿದ್ರೆ ಎಲ್ಲಾ ಒಡ್ದೋಗತ್ತೆ, ಐದು ತಿಂಗ್ಳಿಂದ ಹೇಳಿ ಹೇಳಿ ಸಾಕಾಯ್ತು’ ಎಂದಳು.

ಅಂದು ಕುರ್ಚಿ ಬರಲಿಲ್ಲ, ನೀರು ಬರಲಿಲ್ಲ, ಬಂದ ಕಾರಣವನ್ನು ಯಾರೂ ಕೇಳಲಿಲ್ಲ. ಬಾಗಿಲ ಬಳಿ ನಿಂತಿದ್ದ ನನ್ನನ್ನೂ ಯಾರೂ ಗಮನಿಸಲಿಲ್ಲ. ತಾಯಿ ಮಗಳು ಇಬ್ಬರೂ ಮೀನು ಮಗುಚಿದರು; ಇಬ್ಬರ ಕಣ್ಣಲ್ಲೂ ನೀರಿಳಿಯುತ್ತಿತ್ತು, ಹೊಗೆಯಲ್ಲಿ ಅದಕ್ಕೆ ಲೆಕ್ಕವಿಲ್ಲ. ಹೊತ್ತು ಇಳಿಯುವಾಗ ಏಜಿರ್ಬಾ ಎಲೆಯಲ್ಲಿ ನಾಲ್ಕು ಮೀನು ಸುತ್ತಿ ಮಗಳ ಕೈಗಿಟ್ಟು, ‘ಕತ್ಲಾಗೋಕ್ ಮುಂಚೆ ನಿನ್ ಮನೆ ಸೇರ್ಕೋ’ ಎಂದಳು.

‘ನಿನ್ನ ಮನೆ’ ಎಂಬ ಮಾತು ಆ ಬಾಯಿಂದ ಬಂದದ್ದು ಅದೇ ಮೊದಲು. ಎಕುವಾ ಒಂದು ಹೆಜ್ಜೆ ತಡೆದು ನಿಂತದ್ದನ್ನು ಕಂಡೆ. ಹೋಗಬೇಡವೆಂಬ ಮಾತಿಗಾಗಿ ಅಷ್ಟು ದಿನ ಕಾದವಳಿಗೆ ಅದರ ಬದಲು ದೊರೆತದ್ದು ಈ ಅಪ್ಪಣೆ. ‘ಗುರುವಾರ ಗುರುವಾರ ಬರ್ತೀನಮ್ಮ’ ಎಂದಳು; ಒಲೆ ತಣ್ಣಗಿರುವ ಮಂಗಳವಾರವಲ್ಲ, ಒಲೆ ಉರಿಯುವ ಕೆಲಸದ ದಿನ. ಅವಳ ಬಾಯಲ್ಲಿ ‘ಸುಮ್ನೆ’ ಇಲ್ಲದ ಮಾತನ್ನು ನಾನು ಕೇಳಿದ್ದು ಅಪರೂಪ. ಇವತ್ತಿಗೂ ನನ್ನ ಪಕ್ಕದ ಕೋಣೆಯಲ್ಲೇ ಇದ್ದಾಳೆ, ವಾರಕ್ಕೊಮ್ಮೆ ಹೋಗಿ ಬರುತ್ತಾಳೆ. ಸಾರು ಈಗ ಮೂವರಿಗಾಗುವಷ್ಟಕ್ಕೆ ಇಳಿದಿದೆ.

ದೂರದೇಶಕ್ಕೆ ಹೊರಟವರಿಗೆ ಲೋಕ ಬೀಳ್ಕೊಡುಗೆಯ ವಿಧಿಗಳನ್ನೆಲ್ಲ ಕಲ್ಪಿಸಿಟ್ಟಿದೆ. ಅವರಿಗಾಗಿ ಪ್ರಾರ್ಥನೆಯುಂಟು, ಅಳುವುಂಟು, ಪತ್ರಗಳುಂಟು; ಅವರ ಹಂಬಲಕ್ಕೆ ಮರ್ಯಾದೆಯೂ ಉಂಟು. ಕೂಗಳತೆಯ ದೂರಕ್ಕೆ ಹೋಗಿ ನಿಂತವರಿಗೆ ಅದಾವುದೂ ಇಲ್ಲ. ‘ಇಲ್ಲೇ ಇದ್ದಾಳಲ್ಲ’ ಎಂಬ ಒಂದೇ ಮಾತಿನಲ್ಲಿ ಅವರ ವಿಯೋಗವನ್ನು ಎಲ್ಲರೂ ಮರೆತುಬಿಡುತ್ತಾರೆ. ಬೇಕೆಂದಾಗ ಹೋಗಬಲ್ಲರು, ಹೋಗುತ್ತಲೂ ಇರುತ್ತಾರೆ. ಮನೆ ಇದ್ದಲ್ಲೇ ಇರುತ್ತದೆ, ಮನೆಯವರೂ ಇರುತ್ತಾರೆ, ತಾವು ಇಲ್ಲದೆಯೂ ಅಲ್ಲಿ ಒಲೆ ಹತ್ತಿಕೊಂಡಿರುತ್ತದೆ. ಅದನ್ನು ಕಣ್ಣಾರೆ ಕಂಡು, ಸಂತೋಷಪಟ್ಟು, ಸಂಜೆಯಾಗುವ ಮುನ್ನ ಎದ್ದು ಬರುವುದನ್ನು ಕಲಿಯಬೇಕಾದವರು ಅವರು. ಕಡಲು ದಾಟಿದವರಿಗೂ ಅಷ್ಟು ದೂರದ ಪಯಣವಿರುವುದಿಲ್ಲ.