ಅರ್ಧ ಸುಲಿದ ಕಿತ್ತಳೆ

ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಅತ್ತೆ ಚಿತ್ರಕಲೆಯ ತರಗತಿಗೆ ಸೇರಿದ್ದರು. ಅವರ ಮೊದಲ ಎಣ್ಣೆಬಣ್ಣದ ಚಿತ್ರಕ್ಕೆ ಮಗ ಚೌಕಟ್ಟು ಹಾಕಿಸಿ, ಊಟದ ಮೇಜಿನ ಎದುರು ಗೋಡೆಗೆ ತಗುಲಿಹಾಕಿದ. ಚಿತ್ರದಲ್ಲಿ ಮೇಜಿನ ಮೇಲೊಂದು ನೀಲಿ ಹೂಜಿ, ಒಂದು ಕಪ್, ಅರ್ಧ ಸುಲಿದ ಕಿತ್ತಳೆ, ಪಕ್ಕದಲ್ಲಿ ಮುದ್ದೆಯಾಗಿ ಬಿದ್ದ ಬಿಳಿ ಬಟ್ಟೆ. ಅಷ್ಟೇ.

ಸೊಸೆಗೆ ಅದು ಹಿಡಿಸಿತ್ತು, ಅವಳ ಅಕ್ಕ ಬಂದು ನೋಡುವವರೆಗೆ.

"ಮೂರು ಜನ ಇರೋ ಮನೇಲಿ ಒಂದೇ ಕಪ್ ಯಾಕೆ ಬರೆದ್ರು? ತಾನು ಒಂಟಿ ಅಂತ ನಿಂಗೇ ಹೇಳಿದ್ದು ಕಣೇ ಅದು," ಅಂದಳು ಅಕ್ಕ.

ಆ ಮಾತು ಸೊಸೆಯ ತಲೆಯೊಳಗೆ ಹುಳ ಬಿಟ್ಟಿತು. ಔಷಧದ ಅಂಗಡಿಯಲ್ಲಿ ಗಿರಾಕಿಗಳಿಗೆ ಮಾತ್ರೆ ಕೊಡುವಾಗಲೂ ಅದೇ ಯೋಚನೆ. ಮನೆಗೆ ಬಂದು ಊಟಕ್ಕೆ ಕೂತರೆ ಎದುರಿಗೇ ಆ ಕಪ್. ಗಂಡನನ್ನು ಕೇಳಿದರೆ, "ಕಿತ್ತಳೆ ಕಿತ್ತಳೆ ಥರಾನೇ ಇದೆಯಲ್ಲ, ಇನ್ನೇನು ಬೇಕು?" ಎಂದು ಜಾರಿಕೊಂಡ.

ಒಂದು ಭಾನುವಾರ ತಡೆಯಲಾಗದೆ ಕೇಳಿಯೇಬಿಟ್ಟಳು: "ಅತ್ತೆ, ನಮ್ಮ ಮೇಲೆ ಬೇಜಾರಿದ್ರೆ ಬಾಯಿಬಿಟ್ಟು ಹೇಳಿ. ಚಿತ್ರದಲ್ಲಿ ಒಂದೇ ಕಪ್ ಇಟ್ಟು ಚುಚ್ಚಬೇಡಿ."

ಅತ್ತೆ ಕಣ್ಣರಳಿಸಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ, ಎರಡು ಬರೆದಿದ್ದೆ ಕಣಮ್ಮ! ಎರಡನೇದರ ಹಿಡಿ ಆನೆ ಕಿವಿ ಥರ ಬಂತು. ಮೇಲೆ ಬಟ್ಟೆ ಬರೆದು ಮುಚ್ಚಿಬಿಟ್ಟೆ."

ಸೊಸೆಗೂ ನಗು ಬಂತು. ಆದರೆ ಅತ್ತೆಯ ನಗು ಅರ್ಧಕ್ಕೇ ನಿಂತಿತು. ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ, ಬೇರೆ ಯಾರೋ ಬರೆದದ್ದೆಂಬಂತೆ ಚಿತ್ರವನ್ನು ನೋಡಿದರು.

"ನೀನು ಹೇಳಿದ್ದೂ ಸುಳ್ಳಲ್ಲ ನೋಡು. ಆವತ್ತು ಮಧ್ಯಾಹ್ನ ಹಣ್ಣು ಸುಲೀತಿದ್ದೆ. ಇಷ್ಟನ್ನೂ ಒಬ್ಬಳೇ ತಿನ್ನಬೇಕಲ್ಲ ಅನ್ನಿಸ್ತು. ಅರ್ಧಕ್ಕೇ ಇಟ್ಟು ಬರೆಯೋಕೆ ಕೂತೆ. ಬೇಜಾರು ಅಂತ ಆಗ ಗೊತ್ತಾಗಲಿಲ್ಲ. ಇಲ್ಲಿ ಕಾಣ್ತಿದೆ."

ಸೊಸೆ ಅತ್ತೆಯ ಪಕ್ಕಕ್ಕೆ ಬಂದು ನಿಂತಳು. "ಗುರುವಾರ ಮಧ್ಯಾಹ್ನ ರಜೆ ಕೇಳ್ತೀನಿ ಅತ್ತೆ. ವಾರವಾರ."

"ಗುರುವಾರ ನಂಗೆ ಕ್ಲಾಸಿದೆ."

"ಹಾಗಾದ್ರೆ ಮಂಗಳವಾರ."

"ಮಂಗಳವಾರ ಆಗಬಹುದು."

ಚಿತ್ರವನ್ನು ಒಳಗೆ ತೆಗೆದಿಡಲೇ ಎಂದು ಸೊಸೆ ಕೇಳಿದಳು.

"ಯಾಕೆ? ಹೂಜಿ ನೆರಳು ಎಷ್ಟು ಚೆನ್ನಾಗಿ ಬಂದಿದೆ! ಇರಲಿ ಬಿಡು."

ಅಂಗಡಿಯ ಯಜಮಾನರು ಗೊಣಗಿಕೊಂಡೇ ರಜೆಗೆ ಒಪ್ಪಿದರು. ಮೊದಲ ಮಂಗಳವಾರ ಇಬ್ಬರಿಗೂ ಏನು ಮಾತಾಡುವುದೆಂದೇ ತೋಚದೆ ಸುಮ್ಮನೆ ಕೂತಿದ್ದರು. ಮುಂದಿನ ವಾರ ಅತ್ತೆ ಅಂಚೆ ಕಚೇರಿಯ ಹಳೇ ಜಗಳಗಳ ಕಥೆಗಳನ್ನು ಒಂದೊಂದಾಗಿ ಬಿಚ್ಚಿದರು. ಸಂಜೆಯಾದದ್ದೇ ಗೊತ್ತಾಗಲಿಲ್ಲ.