ಜಯಾನಂದರ ಹಿಂದಿನ ಟೈರು

“ಎರಡನ್ನೂ ಪಕ್ಕಪಕ್ಕ ನಿಲ್ಲಿಸು. ಇವತ್ತು ಗುಂಡಣ್ಣನೇ ನೋಡಿ ಹೇಳ್ಲಿ,” ಎಂದರು ಜಯಾನಂದ.

ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ಹೌಜ್ ಖಾಸ್ ಮಾರುಕಟ್ಟೆಯ ಹಿಂಬದಿಯಲ್ಲಿದ್ದ ಅವರ ಹೋಟೆಲಿನ ಮುಂದೆ ಜನವರಿಯ ಎಳೆಬಿಸಿಲು ಬಿದ್ದಿತ್ತು. ತಿಲಕ್ ತನ್ನ ಬೈಕನ್ನು ತಳ್ಳಿಕೊಂಡು ಬಂದು ಅಪ್ಪನ ಬೈಕಿನ ಪಕ್ಕಕ್ಕೆ ಸ್ಟ್ಯಾಂಡ್ ಹಾಕಿದ. ಎರಡೂ ಕಪ್ಪು ಬಣ್ಣದವು. ಆಚೆ ವರ್ಷದ ದಸರೆಗೆ ಒಂದೇ ಅಂಗಡಿಯಿಂದ ಒಟ್ಟಿಗೆ ಬಂದು, ಒಂದೇ ಆರತಿ ಮಾಡಿಸಿಕೊಂಡವು. ಆಮೇಲೆ ಮಾತ್ರ ಎರಡರ ದಾರಿ ಬೇರೆಯಾಯಿತು. ತಿಲಕನದು ದಿನವಿಡೀ ಪಾರ್ಸೆಲ್ ಹೊತ್ತು ದಕ್ಷಿಣ ದಿಲ್ಲಿಯ ಗಲ್ಲಿಗಲ್ಲಿ ಸುತ್ತಿತು. ಜಯಾನಂದರದು ಬೆಳಿಗ್ಗೆ ಓಖ್ಲಾದ ತರಕಾರಿ ಮಂಡಿಗೆ ಹೋಗಿ ಬಂದು, ಆಮೇಲೆ ಮುನಿರ್ಕಾದ ಮನೆಯಿಂದ ಹೆಂಡತಿ ಲೋಲಾಕ್ಷಿಯನ್ನು ಹೋಟೆಲಿಗೆ ಕರೆತಂದರೆ ಮುಗಿಯಿತು.

ತನ್ನ ಬೈಕಿನ ಹಿಂದಿನ ಟೈರು ಬದಲಿಸಬೇಕೆಂದು ತಿಲಕ್ ಬೆಳಿಗ್ಗೆ ಹೇಳಿದ್ದೇ ಜಗಳಕ್ಕೆ ಮೂಲ. ಮಗ ಗಾಡಿ ಓಡಿಸುವ ರೀತಿಯ ಬಗ್ಗೆ ಜಯಾನಂದರಿಗೆ ಹೇಳಿ ಮುಗಿಯದಷ್ಟು ದೂರುಗಳಿದ್ದವು. ತಿಲಕನಿಗೂ ನಿಂತಲ್ಲಿ ನಿಲ್ಲುವ ಸ್ವಭಾವವಿರಲಿಲ್ಲ. ಗಲ್ಲಾದ ಹಿಂದೆ ಕೂತರೆ ಕಾಲು ಕುಣಿಸುತ್ತಿದ್ದ. ಪಾರ್ಸೆಲ್ ಕಟ್ಟುವಷ್ಟರಲ್ಲಿ ಮೂರು ಸಲ ಬಾಗಿಲಿಗೆ ಹೋಗಿಬರುತ್ತಿದ್ದ.

“ನೋಡು ಗುಂಡಣ್ಣ, ನಲವತ್ತರ ಸ್ಪೀಡು ದಾಟದವನ ಟೈರು ಹೇಗಿರ್ತದೆ, ಇವನದು ಹೇಗಿರ್ತದೆ ಅಂತ,” ಎಂದು ಜಯಾನಂದ ಅಡುಗೆಯ ಗುಂಡಣ್ಣನನ್ನು ಕರೆದರು. ಗುಂಡಣ್ಣ ಕೈಯೊರೆಸಿಕೊಳ್ಳುತ್ತ ಹೊರಗೆ ಬಂದು, ಎರಡನ್ನೂ ನೋಡಿ, ಏನೂ ತಿಳಿಯದವನಂತೆ ನಕ್ಕ.

ತಿಲಕ್ ಕುಕ್ಕರಗಾಲಲ್ಲಿ ಕೂತು ತನ್ನ ಹಿಂದಿನ ಚಕ್ರವನ್ನು ತಿರುಗಿಸಿದ. ಟೈರು ಸವೆದಿತ್ತು, ನಿಜ. ಆದರೆ ಸುತ್ತಲೂ ಒಂದೇ ಸಮ ಸವೆದಿತ್ತು. ತಿರುವುಗಳಲ್ಲಿ ಬಾಗಿ ಹೋಗುವವನಾದ್ದರಿಂದ ಅಂಚಿನವರೆಗೂ ತಿಕ್ಕಿತ್ತು. ಆಮೇಲೆ ಅಪ್ಪನ ಚಕ್ರವನ್ನು ತಿರುಗಿಸಿದ. ಅಂಚುಗಳಲ್ಲಿ ಹೊಸ ಟೈರಿನ ರಬ್ಬರ್ ಕೂದಲು ಇನ್ನೂ ಹಾಗೇ ಇತ್ತು. ನಡುವಿನಲ್ಲಿ ಮಾತ್ರ ಒಂದು ಕಡೆ ಅಂಗೈಯಗಲ ಬೋಳು. ಇನ್ನಷ್ಟು ತಿರುಗಿಸಿದರೆ ಮತ್ತೊಂದು ಬೋಳು. ಅದರಾಚೆ ಮತ್ತೊಂದು, ಒಳಗಿನ ದಾರ ಕಾಣುವಷ್ಟು.

“ಅಪ್ಪ, ಇದು ಓಡಿ ಸವೆದದ್ದಲ್ಲ. ಚಕ್ರ ಕಚ್ಚಿ ನಿಂತು, ಗಾಡಿ ಜಾರಿ ಸವೆದದ್ದು. ಎಷ್ಟು ಜೋರಾಗಿ ಬ್ರೇಕ್ ತುಳೀತೀರಿ ನೀವು!” ತಿಲಕನಿಗೆ ನಗು ತಡೆಯಲಾಗಲಿಲ್ಲ. “ನನ್ನದಕ್ಕಿಂತ ಮೊದಲು ನಿಮ್ಮದೇ ಬದಲಿಸಬೇಕು. ಬೋಲೋ, ಈಗ ಯಾರು ರ‍್ಯಾಶ್?”

ಜಯಾನಂದ ಬಗ್ಗಿ, ಬೋಳಾದ ಜಾಗದ ಮೇಲೆ ಹೆಬ್ಬೆರಳಾಡಿಸಿದರು. ಅವರ ಮುಖ ಕೆಂಪಾಯಿತು. “ಈ ಊರಲ್ಲಿ ಬ್ರೇಕ್ ಹಾಕದೆ ಎಂತ ಮಾಡುದು? ಎಲ್ಲಿಂದಲೋ ನುಗ್ತಾರೆ. ಮೊದಲು ಹೀಗಿರಲಿಲ್ಲ. ಈಗ ಒಬ್ಬನಿಗೂ ಶಿಸ್ತಿಲ್ಲ,” ಎನ್ನುತ್ತ ಒಳಗೆ ಹೋದರು.

ಗೆದ್ದ ಖುಷಿ ತಿಲಕನಿಗೆ ಸಂಜೆಯವರೆಗೂ ಬಾಳಲಿಲ್ಲ. ಪಾರ್ಸೆಲ್ ಕೊಡಲು ಗ್ರೀನ್ ಪಾರ್ಕಿಗೆ ಹೋಗುವಾಗ ಆ ಬೋಳು ಜಾಗಗಳೇ ಕಣ್ಣಮುಂದೆ ಬಂದವು. ಸೈಕಲ್ಲಿನವನೂ ಹಿಂದೆ ಹಾಕುವಷ್ಟು ಮೆಲ್ಲಗೆ ಹೋಗುವ ಮನುಷ್ಯ ಹಾಗೆ ಬ್ರೇಕ್ ತುಳಿಯಬೇಕಾದರೆ ಕಾರಣವೇನು? ತಾನೂ ಅದೇ ರಸ್ತೆಗಳಲ್ಲಿ ಓಡಾಡುವವನು. ಆಟೋಗಳು ನುಗ್ಗುತ್ತಿದ್ದವು, ಬಸ್ಸುಗಳು ಅಡ್ಡ ಬರುತ್ತಿದ್ದವು. ಆದರೆ ಯಾವುದೂ ಎಲ್ಲಿಂದಲೋ ಬರುತ್ತಿರಲಿಲ್ಲ. ದೂರದಿಂದಲೇ ಕಾಣುತ್ತಿತ್ತು. ಪಾರ್ಸೆಲ್ ಕೊಟ್ಟು, ದುಡ್ಡು ತೆಗೆದುಕೊಳ್ಳುವುದನ್ನೇ ಮರೆತು ಅರ್ಧ ದಾರಿ ಬಂದು, ಮತ್ತೆ ಹಿಂದಿರುಗಿದ.

ಹೋಟೆಲಿಗೆ ಬಂದವನೇ ನೇರವಾಗಿ ಅಡುಗೆಮನೆಗೆ ಹೋದ. ಲೋಲಾಕ್ಷಿ ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದರು.

“ಅಮ್ಮ, ಅಪ್ಪನ ಹಿಂದೆ ಕೂತ್ಕೊಂಡು ಬರುವಾಗ ನಿಂಗೆ ಡರ್ ಆಗಲ್ವಾ?”

“ಹೆದರಿಕೆ ಎಂತಕ್ಕೆ? ನಾನು ಹೇಳ್ತಾ ಇರ್ತೇನಲ್ಲ, ಎಡಕ್ಕೆ ಆಟೋ ಬಂತು, ಬಲಕ್ಕೆ ಬಸ್ಸು ಬಂತು ಅಂತ.”

“ಹೇಳಿದ್ರೆ ಅಪ್ಪ ಬೈಯಲ್ವಾ?”

ಲೋಲಾಕ್ಷಿ ಸೌಟನ್ನು ಕೆಳಗಿಟ್ಟರು. “ಮೊದಲೆಲ್ಲ ಹೇಳಿದ್ರೆ ಸಿಟ್ಟು ಬರ್ತಿತ್ತು. ಈಗ ಹೇಳದಿದ್ರೆ ಸಿಟ್ಟು ಬರ್ತದೆ.” ಮಗನ ಕಡೆ ನೋಡದೆ ಮತ್ತೆ ಸೌಟು ಎತ್ತಿಕೊಂಡರು. “ವಯಸ್ಸಾಯ್ತಲ್ಲ ಇವರಿಗೂ.”

ಮರುದಿನ ಬೆಳಿಗ್ಗೆ ಜಯಾನಂದ ಮಂಡಿಗೆ ಹೊರಟಾಗ ತಿಲಕ್ ಮಫ್ಲರ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. “ನಾನೂ ಬರ್ತೇನೆ. ನೀವೇ ಓಡಿಸಿ, ನಾನು ಹಿಂದೆ ಕೂತ್ಕೋತೇನೆ.”

“ಎಂತ ಇವತ್ತು, ಪರೀಕ್ಷೆಯಾ?” ಎಂದು ಗೊಣಗಿದರೂ ಜಯಾನಂದರಿಗೆ ಒಳಗೊಳಗೇ ಸಂತೋಷವಾಗಿತ್ತು. ಮಂಡಿಯ ಸುದ್ದಿ ಹೇಳುತ್ತ ಗಾಡಿ ಓಡಿಸಿದರು. ನುಗ್ಗೆಕಾಯಿ ಆರಿಸುವುದು ಹೇಗೆ, ನೀರು ಹೊಡೆದ ಸೊಪ್ಪನ್ನು ಗುರುತಿಸುವುದು ಹೇಗೆ ಎಂದೆಲ್ಲ. ತಿಲಕನಿಗೆ ಒಂದು ಮಾತೂ ತಲೆಗೆ ಹೋಗಲಿಲ್ಲ. ಅಪ್ಪನ ಹೆಗಲ ಮೇಲಿಂದ ರಸ್ತೆಯನ್ನೇ ನೋಡುತ್ತಿದ್ದ. ಅಪ್ಪ ಮುಂದೆ ಹೋಗುತ್ತಿದ್ದ ಬಸ್ಸಿನ ಬೆನ್ನನ್ನೇ ಹಿಡಿದು ಹೋಗುತ್ತಿದ್ದರು. ಬಸ್ಸು ನಿಂತರೆ ನಿಲ್ಲುವುದು, ಹೊರಟರೆ ಹೊರಡುವುದು. ತಲೆ ಆಚೀಚೆ ಅಲುಗಲಿಲ್ಲ.

ನೆಹರೂ ಪ್ಲೇಸ್ ದಾಟಿದ ಮೇಲೆ ಬಸ್ಸು ಬೇರೆ ಕಡೆ ತಿರುಗಿತು. ಮುಂದಿನ ರಸ್ತೆ ಖಾಲಿಯಿತ್ತು. ಎಡಗಡೆಯ ಗಲ್ಲಿಯಿಂದ ಸೈಕಲ್ಲಿಗೆ ಹಾಲಿನ ಕ್ಯಾನುಗಳನ್ನು ಕಟ್ಟಿಕೊಂಡ ಮುದುಕನೊಬ್ಬ ಬರುತ್ತಿದ್ದ. ಏರು ದಾರಿಯಲ್ಲಿ ಕಷ್ಟಪಟ್ಟು ಪೆಡಲ್ ತುಳಿಯುತ್ತ, ರಸ್ತೆಗೆ ಬಂದು ದಾಟತೊಡಗಿದ. ತಿಲಕ್ ನೋಡಿದ. ಅಪ್ಪ ಈಗ ನಿಧಾನ ಮಾಡುತ್ತಾರೆ ಎಂದುಕೊಂಡ. ಮಾಡಲಿಲ್ಲ. ಈಗಾದರೂ ಎಂದುಕೊಂಡ. ನುಗ್ಗೆಕಾಯಿಯ ಮಾತು ನಡೆದೇ ಇತ್ತು.

“ಅಪ್ಪಾ, ಸೈಕಲ್!”

ಹಿಂದಿನ ಚಕ್ರ ಕಚ್ಚಿಕೊಂಡು ಕಿರುಚಿತು. ಬೈಕು ಓರೆಯಾಗಿ ಜಾರಿ, ಇಬ್ಬರ ಕಾಲುಗಳೂ ನೆಲಕ್ಕೆ ತಾಗಿ ನಿಂತಿತು. ಮುಂದಿನ ಚಕ್ರಕ್ಕೂ ಹಾಲಿನ ಕ್ಯಾನಿಗೂ ನಡುವೆ ಒಂದು ಗೇಣೂ ಇರಲಿಲ್ಲ. ರಬ್ಬರು ಸುಟ್ಟ ವಾಸನೆ ಎದ್ದಿತು. ಮುದುಕ “ಅಂಧಾ ಹೈ ಕ್ಯಾ?” ಎಂದು ಕೂಗಿ, ಹ್ಯಾಂಡಲ್ ಸರಿಮಾಡಿಕೊಂಡು ಹೋದ.

“ನೋಡಿದ್ಯಾ? ನೋಡಿದ್ಯಾ ನೀನೇ?” ಜಯಾನಂದ ಏದುಸಿರು ಬಿಡುತ್ತಿದ್ದರು. “ಎಲ್ಲಿಂದ ಬಂದ ಅವನು? ಆಕಾಶದಿಂದ ಉದುರಿದ ಹಾಗೆ!”

ತಿಲಕ್ ಗಾಡಿಯಿಂದ ಇಳಿದ. ಬೈಕನ್ನು ರಸ್ತೆಯ ಬದಿಗೆ ತಳ್ಳಿದ. ಅಪ್ಪನನ್ನು ಫುಟ್‌ಪಾತಿನ ಮೇಲೆ ನಿಲ್ಲಿಸಿ, ತಾನು ಅವರ ಎಡಗಡೆಗೆ ಸ್ವಲ್ಪ ಹಿಂದಕ್ಕೆ ನಿಂತ.

“ಅಪ್ಪ, ನೇರ ಎದುರು ನೋಡಿ. ಆ ಅಂಗಡಿಯ ಬೋರ್ಡು. ತಿರುಗಬೇಡಿ.” ತನ್ನ ಬಲಗೈಯನ್ನು ಉದ್ದಕ್ಕೆ ಚಾಚಿ, ಮೆಲ್ಲಗೆ ಅಪ್ಪನ ಮುಖದ ಪಕ್ಕಕ್ಕೆ ತಂದ. ಕಿವಿ ದಾಟಿತು, ಕಣ್ಣಿನ ಕೊನೆ ದಾಟಿತು. ಬೆರಳುಗಳನ್ನು ಆಡಿಸಿದ. “ನನ್ನ ಕೈ ಕಾಣ್ತದಾ?”

“ಯಾವ ಕೈ?” ಎಂದರು ಜಯಾನಂದ.

ಕೈ ಅವರ ಮೂಗಿನ ಹತ್ತಿರಕ್ಕೆ ಬಂದಾಗ ಅವರು ಬೆಚ್ಚಿ ಹಿಂದೆ ಸರಿದರು. ಮಗನ ಮುಖವನ್ನು ನೋಡಿದರು. ಆಮೇಲೆ ತಾವೇ ತಮ್ಮ ಬಲಗೈಯನ್ನು ಪಕ್ಕಕ್ಕೆ ಚಾಚಿ, ಎದುರು ನೋಡುತ್ತ, ನಿಧಾನವಾಗಿ ಒಳಗೆ ತಂದರು. ಮತ್ತೊಮ್ಮೆ ಮಾಡಿದರು. ಫುಟ್‌ಪಾತಿನಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಕೈ ಇಳಿಸಿ, “ಅಮ್ಮನಿಗೆ ಹೇಳ್ಬೇಡ,” ಎಂದರು.

“ಅಮ್ಮನಿಗೆ ಗೊತ್ತುಂಟು ಅಪ್ಪ. ನಮಗಿಬ್ಬರಿಗೇ ಗೊತ್ತಿರಲಿಲ್ಲ.”

ಕಣ್ಣಿನ ಡಾಕ್ಟರು ಚುಟುಕಾಗಿ ಹೇಳಿದರು. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಒಣಗುತ್ತ ಬಂದಿದೆ, ಅಂಚಿನಿಂದ ಒಳಕ್ಕೆ ನೋಟ ಕುಗ್ಗಿದೆ, ಕುಗ್ಗಿದ್ದು ರೋಗಿಗೇ ತಿಳಿಯುವುದಿಲ್ಲ. ಹೋದದ್ದು ಬರುವುದಿಲ್ಲ, ಕಣ್ಣಿಗೆ ಔಷಧಿ ಹಾಕುತ್ತಿದ್ದರೆ ಇದ್ದದ್ದನ್ನು ಉಳಿಸಿಕೊಳ್ಳಬಹುದು. ಗಾಡಿ ಓಡಿಸಕೂಡದು. ಜಯಾನಂದ ಎಲ್ಲಕ್ಕೂ ತಲೆಯಾಡಿಸಿದರು. ಹೊರಗೆ ಬಂದವರು ತಮ್ಮ ಬೈಕಿನ ಕೀಲಿಯನ್ನು ಮಗನ ಕೈಗೆ ಕೊಡಲಿಲ್ಲ; ಮನೆಗೆ ಬಂದು ದೇವರ ಫೋಟೋದ ಕೆಳಗಿನ ಮೊಳೆಗೆ ತೂಗುಹಾಕಿದರು. ಎರಡು ದಿನ ಮಂಡಿಯ ಕಡೆಗೇ ಹೋಗಲಿಲ್ಲ. ಮೂರನೆಯ ದಿನ ಚೀಲ ಹಿಡಿದು ತಿಲಕನ ಹಾಸಿಗೆಯ ಪಕ್ಕ ನಿಂತು, “ಚಲೋ, ಮಂಡಿಗೆ ಹೊತ್ತಾಯ್ತು,” ಎಂದರು.

ಅಂದಿನಿಂದ ಬೆಳಗಿನ ದಾರಿ ಇಬ್ಬರದಾಯಿತು. ತಿಲಕನಿಗೆ ನಿದ್ದೆ ಸಾಲುತ್ತಿರಲಿಲ್ಲ. ಮಂಡಿಯಲ್ಲಿ ಅಪ್ಪ ಒಂದೊಂದೇ ತೆಂಗಿನಕಾಯಿ ಕಿವಿಗೆ ಹಿಡಿದು ಅಲ್ಲಾಡಿಸುವಾಗ ಅವನ ಕಾಲು ಕುಣಿಯುತ್ತಿತ್ತು.

ಚಳಿ ಹೋಗಿ ಬಿಸಿಲು ಚುರುಕಾದ ಒಂದು ಬೆಳಿಗ್ಗೆ ಪಂಚಶೀಲದ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಬೆನ್ನ ಹಿಂದೆ ಅಪ್ಪ ಅಲುಗಾಡಿದ್ದು ತಿಲಕನಿಗೆ ತಿಳಿಯಿತು. ಕನ್ನಡಿಯಲ್ಲಿ ನೋಡಿದ. ಜಯಾನಂದ ತಲೆಯನ್ನು ಎಡಕ್ಕೆ ತಿರುಗಿಸುತ್ತಿದ್ದರು, ಮೆಲ್ಲಗೆ, ಮೊನ್ನೆಯಷ್ಟೇ ಈ ಊರಿಗೆ ಬಂದಿಳಿದವರ ಹಾಗೆ. ರಸ್ತೆಯಂಚಿನಲ್ಲಿ ಎಲೆಯೊಂದೂ ಇಲ್ಲದ ದೊಡ್ಡ ಬೂರುಗದ ಮರ ಮೈತುಂಬ ಕೆಂಪು ಹೂ ಹೊತ್ತು ನಿಂತಿತ್ತು. ಅದರ ಕಾಂಡವನ್ನು ಇಬ್ಬರು ತಬ್ಬಿದರೂ ಕೈ ಕೂಡುತ್ತಿರಲಿಲ್ಲ.

“ಈ ಮರ ಯಾವಾಗ ಬಂತು ಇಲ್ಲಿ?” ಎಂದರು ಜಯಾನಂದ.

ಹಸಿರು ದೀಪ ಬಿತ್ತು. ಹಿಂದಿನಿಂದ ಹಾರನ್ನುಗಳು ಒಂದಾದ ಮೇಲೊಂದು ಹೊಡೆದುಕೊಂಡವು. ತಿಲಕ್ ಗಾಡಿ ಹೊರಡಿಸಲಿಲ್ಲ. ಮೇಲಿನ ಕೊಂಬೆಯಿಂದ ಒಂದು ಹೂ ಕಳಚಿ, ತಿರುಗುತ್ತ ಕೆಳಗೆ ಬರುತ್ತಿತ್ತು. ಅಪ್ಪನ ತಲೆ ಅದರ ಜೊತೆಗೇ ಮೆಲ್ಲಗೆ ಇಳಿಯಿತು.