ಊಟದ ಸೂಜಿ

“ಬಾಯಿಗೆ ನೀರು ಬಿಟ್ರೆ ಏನೂ ಬಿದ್ದಿಲ್ಲ ಅಂದ್ರೆ, ಈ ಸಕ್ಕರೆ ಎಲ್ಲಿಂದ ಬಂತಪ್ಪಾ?”

ಗಂಗಲಕ್ಷ್ಮಮ್ಮ ಗಾಜಿನ ನಳಿಗೆಯನ್ನು ಇಳಿಬಿಸಿಲಿಗೆ ಹಿಡಿದು ಕೇಳಿದ್ದು ಯಾರನ್ನೂ ಅಲ್ಲ. ಆದರೂ ಕಂಬಕ್ಕೊರಗಿ ಕೂತಿದ್ದ ಸೊಸೆ ಸರಸಮ್ಮ ತಲೆ ತಗ್ಗಿಸಿದಳು.

ಮಿಡಿಗೇಶಿಗೆ ಸೊಸೆಯಾಗಿ ಬಂದ ಮರುವರ್ಷ, ಎಪ್ಪತ್ತೊಂಬತ್ತನೇ ಇಸವಿಯಲ್ಲಿ, ಅವಳಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡಿತ್ತು. ಊಟಕ್ಕೆ ಮೊದಲು ಚುಚ್ಚುವುದನ್ನು ಹಳ್ಳಿಯವರು ಮರೆಯದಿರಲೆಂದು ಕಾಂಪೌಂಡರು ಇನ್ಸುಲಿನ್ನಿಗೆ ‘ಊಟದ ಸೂಜಿ’ ಎಂದು ಹೆಸರಿಟ್ಟು ಕೊಟ್ಟಿದ್ದ. ಗಂಡ ಗಂಗಹನುಮಯ್ಯನೇ ಚುಚ್ಚುತ್ತಿದ್ದ. ಉಚ್ಚೆಯ ಹನಿಗಳನ್ನು ನೀಲಿ ಮದ್ದಿಗೆ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕುದಿಸುವುದನ್ನೂ ಕಲಿತಿದ್ದ. ನೀಲಿಯಾಗೇ ಉಳಿದರೆ ನೆಮ್ಮದಿ. ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಸಕ್ಕರೆ ಮಿತಿಮೀರಿದೆ ಎಂದರ್ಥ.

ಅಂದು ಶ್ರಾವಣ ಶನಿವಾರ, ಮನೆಮಂದಿಗೆಲ್ಲ ಉಪವಾಸ. “ಊಟನೇ ಇಲ್ದ ಮ್ಯಾಲೆ ಊಟದ ಸೂಜಿ ಯಾಕ್ಲಾ?” ಎಂದಿದ್ದಳು ಗಂಗಲಕ್ಷ್ಮಮ್ಮ. ಮಗನಿಗೆ ಸರಿಯೆನಿಸಿತು. ಒಂದು ದಿನದ ಚುಚ್ಚು ತಪ್ಪಿತಲ್ಲ ಎಂದು ಸರಸಮ್ಮನೂ ಸುಮ್ಮನಾದಳು. ಮಧ್ಯಾಹ್ನದಿಂದ ನೀರು ಕುಡಿದಷ್ಟೂ ದಾಹ, ಹಿತ್ತಲಿಗೆ ಹೋದಷ್ಟೂ ಹೋಗಬೇಕು. ಈಗ ನೋಡಿದರೆ ನಳಿಗೆಯಲ್ಲಿ ಇಟ್ಟಿಗೆ ಕದಡಿದಂತೆ ಕೆಂಪು.

“ಬೆಲ್ಲದ ಗಡಿಗೆಗೆ ಕೈ ಹಾಕಿದ್ಯಾ? ಹೇಳು.”

“ಇಲ್ಲ ಅತ್ತೆ. ದೇವರಾಣೆ.”

“ನೀನು ಸುಳ್ಳು ಹೇಳಬೌದು ಕಣಮ್ಮ. ಗಾಜು ಸುಳ್ಳು ಹೇಳ್ತದಾ?”

ಸತ್ಯಪರೀಕ್ಷೆಗೆಂದು ದೇವರ ಮುಂದೆ ಅವಳ ಅಂಗೈ ಮೇಲೆ ಅತ್ತೆ ಇಟ್ಟ ಕರ್ಪೂರ ಉರಿಯಿತು. ಜಗಲಿಯಲ್ಲಿ ಅಜ್ಜಂದಿರು ರಾಗವಾಗಿ ಓದುತ್ತಿದ್ದ ಕಥೆಗಳನ್ನು ಕೇಳಿಯೇ ಬೆಳೆದವಳು ಸರಸಮ್ಮ. ಆ ಕಥೆಗಳಲ್ಲಿ ಸತ್ಯವಂತೆಯರನ್ನು ಬೆಂಕಿ ಮುಟ್ಟುವುದಿಲ್ಲ. ಅವಳ ಅಂಗೈ ಸುಟ್ಟಿತು, ಬೊಬ್ಬೆ ಎದ್ದಿತು. ಅಲ್ಲಿಗೆ ಕಳ್ಳತನ ರುಜುವಾತಾಯಿತು. ಗಂಡ ಗೋಡೆ ನೋಡುತ್ತ ನಿಂತ.

ಅಂದಿನ ಭಜನೆಯಲ್ಲಿ, ತಾಳ ಕೈಗೆತ್ತಿಕೊಳ್ಳುವ ಮೊದಲೇ ಗಂಗಲಕ್ಷ್ಮಮ್ಮ ಸೊಸೆಯ ಕಳ್ಳತನದ ಸುದ್ದಿಯನ್ನು ಊರಿಗೆಲ್ಲ ಹಂಚಿದಳು. ಭಜನೆಗೆ ಮುಂದಾಳು ಅವಳು. ಅವಳ ಮಾತೆಂದರೆ ದೇವರ ಮಾತು. ತಪ್ಪಿಗೆ ಪ್ರಾಯಶ್ಚಿತ್ತವೆಂದು ಭಾನುವಾರವೂ ಸೊಸೆಗೆ ಉಪವಾಸ. ಊಟವಿಲ್ಲ, ಹಾಗಾಗಿ ಸೂಜಿಯೂ ಇಲ್ಲ.

ಸೋಮವಾರ ಬೆಳಿಗ್ಗೆ ಸರಸಮ್ಮನಿಗೆ ವಾಂತಿ ನಿಲ್ಲಲಿಲ್ಲ. ಉಸಿರು ತಿದಿ ಒತ್ತಿದಂತೆ. ಅದರಲ್ಲಿ ಕೊಳೆತ ಹಣ್ಣಿನ ವಾಸನೆ. ಮೊದಲ ಬಸ್ಸಿಗೆ ಹೊತ್ತು ಹಾಕಿಕೊಂಡು ಮಧುಗಿರಿ ಆಸ್ಪತ್ರೆಗೆ ಓಡಿದರು.

ಅವಳಿಗೆ ಚೆನ್ನಾಗಿ ಎಚ್ಚರವಾದಾಗ ಡಾಕ್ಟರ್ ಮಹಾಲಿಂಗಯ್ಯ ಮಂಚದ ಪಕ್ಕ ನಿಂತು ತಾಯಿ ಮಗನಿಗೆ ಹೇಳುತ್ತಿದ್ದರು: “ನಿಮ್ಮ ಮನೇಲಿ ನೆಲದೊಳಗೆ ರಾಗಿ ತುಂಬಿಡೋ ಹಗೇವು ಇದೆಯಲ್ಲ, ಹಂಗೆ ಮೈಯೊಳಗೆ ಈಲಿ, ಅಂದ್ರೆ ಲಿವರ್, ಅಂತ ಒಂದು ಹಗೇವು. ಸಕ್ಕರೆ ಅಲ್ಲಿ ತುಂಬಿರುತ್ತೆ. ಮೇದೋಜೀರಕದಲ್ಲಿ ಎರಡು ಥರದ ಜೀವಕೋಶ, ಒಂದರ ಪಕ್ಕ ಒಂದು. ಒಂದರ ರಸ ಗ್ಲೂಕಗಾನ್. ಹಸಿವಾದಾಗ ಹಗೇವಿನ ಬಾಯಿ ತೆಗೆಸೋದು ಅದರ ಕೆಲಸ. ಇನ್ನೊಂದರ ರಸ ಇನ್ಸುಲಿನ್. ಪಕ್ಕದವನಿಗೆ ‘ಸಾಕು ನಿಲ್ಸು’ ಅನ್ನೋದು ಅದು. ಈ ತಾಯಿಗೆ ಸಾಕು ಅನ್ನೋರೇ ಸತ್ತುಹೋಗಿದಾರೆ. ಅವರ ಬದಲಿಗೆ ಸೂಜಿ. ಅದನ್ನೂ ನಿಲ್ಲಿಸಿದ್ರಿ. ಹೇಳೋರಿಲ್ಲ, ಕೇಳೋರಿಲ್ಲ. ಮೈಯೆಲ್ಲ ಸಕ್ಕರೆ ಇದ್ರೂ ಬರಗಾಲ ಅಂದ್ಕೊಂಡು ಗ್ಲೂಕಗಾನ್ ಹಗೇವು ತೋಡಿಸ್ತಾನೇ ಇತ್ತು.”

“ಅಂಗಾರೆ... ಬೆಲ್ಲ?” ಎಂದ ಗಂಗಹನುಮಯ್ಯ.

“ಯಾವ ಬೆಲ್ಲ? ಉಪವಾಸ ಇದ್ದಿದ್ದಕ್ಕೇ ಬಂದ ಸಕ್ಕರೆ ಅದು.”

ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ಗಂಗಹನುಮಯ್ಯ ಹೆಂಡತಿಯ ಕೈ ಹಿಡಿಯಲು ಹೋದ. ಬೊಬ್ಬೆ ಕಂಡು ಬಿಟ್ಟ. ಗಂಗಲಕ್ಷ್ಮಮ್ಮ ಸೆರಗಿನಿಂದ ಬಾಯೊರೆಸಿಕೊಂಡು ಸೊಸೆಯ ತಲೆದಿಂಬಿಗೆ ಬಾಗಿದಳು. ಅಷ್ಟು ಮೆತ್ತಗಿನ ದನಿಯನ್ನು ಸರಸಮ್ಮ ಆ ಬಾಯಲ್ಲಿ ಭಜನೆಯಲ್ಲಷ್ಟೇ ಕೇಳಿದ್ದಳು.

“ಆಗಿದ್ದು ಆಗೋಯ್ತು ಬುಡವ್ವ. ಮುಂದಿನ ಶನಿವಾರ ಭಜನೆಗೆ ಬಂದು ‘ಒಂದ್ ಚೂರು ಬೆಲ್ಲ ತಿಂದಿದ್ದೆ, ತಪ್ಪಾಯ್ತು’ ಅಂದ್ಬುಡು. ಇಲ್ದಿದ್ರೆ ಇನ್ಮ್ಯಾಲೆ ನಾನು ದೇವರ ಮುಂದೆ ತಾಳ ಹಿಡಿಯೋದೆಂಗೆ? ನಿನಗೇನು, ಸಣ್ಣೋಳು. ಊರು ಮರೀತದೆ. ನನ್ನ ಮರ್ಯಾದೆ ಉಳಿಸವ್ವ.”

“ಹೇಳ್ಬುಡು ಸರಸಿ,” ಎಂದ ಗಂಡ, ನೆಲ ನೋಡುತ್ತ.

ಸರಸಮ್ಮ ಬೊಬ್ಬೆಯೆದ್ದ ಅಂಗೈಯನ್ನು ಬೆಡ್‌ಶೀಟಿನ ಮೇಲೆ ಅಂಗಾತ ಬಿಡಿಸಿಟ್ಟಳು.

“ಇಲ್ಲ ಅತ್ತೆ. ನಾನು ಹೇಳಾಕಿಲ್ಲ.”